ಕಾವೂರಿ ಹಿಲ್ಸ್‌ನ ಗೋಡೆಗಳ ಮೇಲೆ ನಮ್ಮೂರು

ಊರಿನಿಂದ ನೆಂಟರು ಬಂದರೆ ಹೈದರಾಬಾದಿನಲ್ಲಿ ಏನೇನು ತೋರಿಸಬೇಕೆಂಬ ಪಟ್ಟಿ ಇಲ್ಲಿರುವ ಪ್ರತಿ ಕನ್ನಡಿಗರ ಮನೆಯಲ್ಲೂ ಸಿದ್ಧವಾಗಿರುತ್ತದೆ. ಚಾರ್‌ಮಿನಾರ್, ಗೋಲ್ಕೊಂಡ, ಹುಸೇನ್ ಸಾಗರದ ನಡುವಿನ ಬುದ್ಧ, ಮಕ್ಕಳಿದ್ದರೆ ರಾಮೋಜಿ ಫಿಲ್ಮ್ ಸಿಟಿ. ಕಲೆ ಎಂದರೆ ಸಾಲಾರ್ ಜಂಗ್ ಮ್ಯೂಸಿಯಂ. ಅಲ್ಲಿ ಮುಸುಕು ಹೊದ್ದ ರೆಬೆಕಾಳ ಅಮೃತಶಿಲೆಯ ಮೂರ್ತಿಯ ಮುಂದೆ ನಿಂತು, ಕಲ್ಲಿನಲ್ಲಿ ಇಷ್ಟು ತೆಳು ಬಟ್ಟೆ ಹೇಗೆ ಕೆತ್ತಿದನಪ್ಪಾ ಎಂದು ಬೆರಗಾಗಿ, ಗಂಟೆ ಬಾರಿಸಲು ಹೊರಬರುವ ಗಡಿಯಾರದ ಗೊಂಬೆಗಾಗಿ ಕಾದು ಕುಳಿತು, ಆಮೇಲೆ ಹೊರಗೆ ಬಂದರೆ ಕಲಾದರ್ಶನ ಮುಗಿಯಿತು. ರೆಬೆಕಾಳನ್ನು ಕೆತ್ತಿದವನು ಇಟಲಿಯ ಬೆಂಜೋನಿ. ಗಡಿಯಾರವೂ ವಿಲಾಯತಿ ಕೆಲಸ. ಎರಡೂ ಚೆಂದವೇ, ಎರಡಕ್ಕೂ ಜನ ಮುಗಿಬೀಳುವುದರಲ್ಲಿ ತಪ್ಪೇನಿಲ್ಲ. ಆದರೆ ಇದೇ ಊರಿನಲ್ಲಿ ಈಗ, ಈ ವಾರ, ಕೂತು ಚಿತ್ರ ಬರೆಯುತ್ತಿರುವವರು ಯಾರು, ಅವರ ಚಿತ್ರಗಳನ್ನು ಎಲ್ಲಿ ನೋಡಬಹುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ.

ಉತ್ತರ ತೀರಾ ಹತ್ತಿರದಲ್ಲೇ ಇದೆ. ಮಾಧಾಪುರದ ಕಾವೂರಿ ಹಿಲ್ಸ್‌ನಲ್ಲಿ ತೆಲಂಗಾಣ ಸರ್ಕಾರದ ಸ್ಟೇಟ್ ಗ್ಯಾಲರಿ ಆಫ್ ಆರ್ಟ್ ಇದೆ. ಹೈಟೆಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮವರು ಸಾವಿರಾರು ಸಲ ಅದರ ಆಸುಪಾಸಿನಲ್ಲೇ ಟ್ರಾಫಿಕ್‌ನಲ್ಲಿ ನಿಂತಿರುತ್ತಾರೆ. ಒಳಗೆ ಒಂದಲ್ಲ, ಹಲವು ಸಭಾಂಗಣಗಳಿವೆ. ಒಂದರಲ್ಲಿ ಯಾರದೋ ಏಕವ್ಯಕ್ತಿ ಪ್ರದರ್ಶನ, ಇನ್ನೊಂದರಲ್ಲಿ ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ಗುಂಪು ಪ್ರದರ್ಶನ. 2015ರಿಂದ ಪ್ರತಿ ವರ್ಷ ನಡೆಯುತ್ತಿರುವ ಇಂಡಿಯನ್ ಫೋಟೋಗ್ರಫಿ ಫೆಸ್ಟಿವಲ್‌ಗೂ ಇದೇ ಮುಖ್ಯ ಜಾಗ. ಬಂಜಾರಾ ಹಿಲ್ಸ್‌ಗೆ ಹೋದರೆ ಕಲಾಕೃತಿ ಗ್ಯಾಲರಿ, ಜುಬಿಲಿ ಹಿಲ್ಸ್ ಕಡೆ ಸೃಷ್ಟಿ ಆರ್ಟ್ ಗ್ಯಾಲರಿ. ಖಾಸಗಿ ಗ್ಯಾಲರಿಗಳೆಂದರೆ ಕೊಳ್ಳುವವರಿಗೆ ಮಾತ್ರ ಎಂದುಕೊಂಡು ಬಾಗಿಲಲ್ಲೇ ಹಿಂಜರಿಯುವವರಿದ್ದಾರೆ. ಹಾಗೇನಿಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ಯಾರೂ ತಡೆಯುವುದಿಲ್ಲ, ಟಿಕೆಟ್ ಕೇಳುವುದಿಲ್ಲ, ಎಷ್ಟು ಹೊತ್ತು ನಿಂತರೂ ಏನು ಬೇಕು ಎನ್ನುವುದಿಲ್ಲ. ಸೀರೆ ಅಂಗಡಿಗಿಂತ ನಿರಾಳ.

ಬಂಜಾರಾ ಹಿಲ್ಸ್‌ನಲ್ಲೇ ಲಾಮಕಾನ್ ಇದೆ. 2010ರಲ್ಲಿ ಶುರುವಾದ ಜಾಗ. ಒಂದು ಹಳೆಯ ಮನೆ, ಅಂಗಳಕ್ಕೆ ಚಾಚಿದ ದೊಡ್ಡ ಬಂಡೆ, ಚಹಾ, ಸಮೋಸಾ. ಲಾಮಕಾನ್ ಎಂದರೆ ಮನೆಯಿಲ್ಲದ್ದು, ನೆಲೆಯಿಲ್ಲದ್ದು ಎಂದರ್ಥ. ವಲಸೆ ಬಂದ ನಮ್ಮಂಥವರಿಗೆ ಹೇಳಿ ಮಾಡಿಸಿದ ಹೆಸರು ಎಂದು ನಾನು ತಮಾಷೆ ಮಾಡುವುದುಂಟು. ಅಲ್ಲಿ ನಾಟಕ, ಮುಷಾಯಿರಾ, ಚರ್ಚೆಗಳೇ ಹೆಚ್ಚು. ನಡುವೆ ಯಾರಾದರೂ ಗೋಡೆಗೆ ಚಿತ್ರ ತೂಗುಹಾಕಿದರೆ ಚಹಾ ಕುಡಿಯಲು ಬಂದವರೂ ಲೋಟ ಹಿಡಿದುಕೊಂಡೇ ನೋಡುತ್ತಾರೆ. ನನ್ನ ಅಂದಾಜಿನಲ್ಲಿ ಹೈದರಾಬಾದಿನಲ್ಲಿ ಚಿತ್ರ ನೋಡಲು ಅತ್ಯಂತ ಸಂಕೋಚವಿಲ್ಲದ ಜಾಗ ಅದು.

ಪ್ರದರ್ಶನದ ಮೊದಲ ಸಂಜೆಗೆ ಹೋದರೆ ಊರೆಲ್ಲ ಕಲೆಯ ಹುಚ್ಚಿನವರೇ ಎನಿಸಬೇಕು. ದೀಪ, ಮುಖ್ಯ ಅತಿಥಿ, ಹೂಗುಚ್ಛ, ಚಹಾ ಬಿಸ್ಕತ್ತು, ಫೋಟೊ. ಕಲಾವಿದರ ಗೆಳೆಯರು, ಮೇಷ್ಟ್ರುಗಳು, ಊರಿನಿಂದ ಬಂದ ಅಪ್ಪ ಅಮ್ಮ. ಮರುದಿನ ಮಧ್ಯಾಹ್ನ ಹೋಗಿ ನೋಡಿ. ಕಾವಲುಗಾರ ಒಬ್ಬ, ಕುರ್ಚಿಯಲ್ಲಿ ಮೊಬೈಲ್ ನೋಡುತ್ತ ಕುಳಿತ ಕಲಾವಿದ ಒಬ್ಬ, ನೀವೊಬ್ಬರು. ಚಿತ್ರ ನೋಡಲು ನನಗೆ ಇಷ್ಟವಾದ ಹೊತ್ತು ಅದೇ. ಆದರೆ ಆ ಕುರ್ಚಿಯಲ್ಲಿ ಕುಳಿತವನ ಲೆಕ್ಕದಲ್ಲಿ ಅದು ಬೇರೆಯದೇ ಹೊತ್ತು. ಚೌಕಟ್ಟು ಹಾಕಿಸಿದ ದುಡ್ಡು, ಟೆಂಪೋ ಬಾಡಿಗೆ, ಆಹ್ವಾನ ಪತ್ರಿಕೆ, ಎಷ್ಟೋ ಕಡೆ ಜಾಗದ ಬಾಡಿಗೆಯೂ ಅವನದೇ. ಖಾಸಗಿ ಗ್ಯಾಲರಿ ತಾನೇ ಪ್ರದರ್ಶನ ಏರ್ಪಡಿಸಿದರೆ ಬಾಡಿಗೆ ಇರುವುದಿಲ್ಲ, ಬದಲಿಗೆ ಮಾರಾಟವಾದ ಬೆಲೆಯಲ್ಲಿ ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೆ ಗ್ಯಾಲರಿಯ ಪಾಲು. ಚಿತ್ರದ ಪಕ್ಕದಲ್ಲಿ ಪುಟ್ಟ ಕೆಂಪು ಚುಕ್ಕಿ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ. ಇಡೀ ಕೋಣೆಯಲ್ಲಿ ಒಂದೂ ಕೆಂಪು ಚುಕ್ಕಿ ಇಲ್ಲದ ಪ್ರದರ್ಶನಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈ ಗೋಡೆಗಳ ಮೇಲೆ ಇರುವುದೇನು? ಹೆಚ್ಚಾಗಿ ಹಳ್ಳಿ. ತೆಲಂಗಾಣದ ಹಳ್ಳಿ. ಇದಕ್ಕೆ ಇಬ್ಬರು ಹಿರಿಯರು ದೊಡ್ಡ ಕಾರಣ. ಒಬ್ಬರು ಲಕ್ಷ್ಮಾ ಗೌಡ್, 1940ರಲ್ಲಿ ಮೆದಕ್ ಜಿಲ್ಲೆಯ ನಿಜಾಮ್‌ಪುರದಲ್ಲಿ ಹುಟ್ಟಿದವರು. ಇನ್ನೊಬ್ಬರು ತೋಟ ವೈಕುಂಠಂ, 1942ರಲ್ಲಿ ಕರೀಂನಗರ ಜಿಲ್ಲೆಯ ಬೂರುಗುಪಲ್ಲಿಯಲ್ಲಿ ಹುಟ್ಟಿದವರು. ಇಬ್ಬರೂ ಹೈದರಾಬಾದಿನ ಕಲಾ ಕಾಲೇಜಿನಲ್ಲಿ ಓದಿ, ಆಮೇಲೆ ಬರೋಡಾಕ್ಕೆ ಹೋಗಿ ಕೆ.ಜಿ. ಸುಬ್ರಮಣ್ಯನ್ ಅವರ ಕೈಕೆಳಗೆ ಕಲಿತು ಬಂದವರು. ಬರೋಡಾ ಅವರನ್ನು ಪ್ಯಾರಿಸ್ಸಿಗೆ ಕಳಿಸುವ ಬದಲು ತಮ್ಮ ಹಳ್ಳಿಗೇ ವಾಪಸು ಕಳಿಸಿತು ಎನ್ನಬಹುದು.

ವೈಕುಂಠಂ ಅವರ ಹೆಂಗಸರನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ, ಹೆಸರು ತಿಳಿಯದೆ. ಕಪ್ಪು ಮೈಬಣ್ಣ, ಹಣೆ ತುಂಬ ಕುಂಕುಮ, ಮೂಗುತಿ, ತುರುಬಿಗೆ ಹೂವು, ಅಪ್ಪಟ ಕೆಂಪು ಹಳದಿ ಹಸಿರು ಸೀರೆ, ಪಕ್ಕದಲ್ಲೊಂದು ಗಿಳಿ. ಬಾಲ್ಯದಲ್ಲಿ ಊರಿಗೆ ಬರುತ್ತಿದ್ದ ನಾಟಕ ತಂಡಗಳಲ್ಲಿ ಹೆಣ್ಣು ವೇಷ ಹಾಕುತ್ತಿದ್ದ ಗಂಡಸರು ತಮ್ಮನ್ನು ಸೆಳೆದಿದ್ದರೆಂದು ಅವರು ಹೇಳಿಕೊಂಡಿದ್ದಾರೆ. ಅದನ್ನು ತಿಳಿದ ಮೇಲೆ ಆ ಚಿತ್ರಗಳ ಠೀವಿ, ಆ ಸ್ವಲ್ಪ ಅತಿಯೆನಿಸುವ ಅಲಂಕಾರ ಎಲ್ಲಿಂದ ಬಂತೆಂಬುದು ಅರ್ಥವಾಗುತ್ತದೆ. ಬಿ. ನರಸಿಂಗ ರಾವ್ ಅವರ ‘ದಾಸಿ’ ಸಿನಿಮಾದ ಕಲಾ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರೂ ಇವರೇ.

ಲಕ್ಷ್ಮಾ ಗೌಡರದು ಬೇರೆ ಜಾತಿಯ ಕೆಲಸ. ಅವರ ಹಳ್ಳಿಯಲ್ಲಿ ಮೇಕೆಗಳಿವೆ, ಮುಳ್ಳುಗಿಡಗಳಿವೆ, ನರ ಉಬ್ಬಿದ ಗಂಡಸರಿದ್ದಾರೆ, ಯಾರ ಹಂಗೂ ಇಲ್ಲದೆ ದಿಟ್ಟಿಸುವ ಹೆಂಗಸರಿದ್ದಾರೆ. ಕಾಮವನ್ನು ಅವರು ಮುಚ್ಚಿಡುವುದಿಲ್ಲ. ಅವರ ಹೆಸರು ಗಟ್ಟಿಯಾದದ್ದು ಎಚಿಂಗ್‌ನಲ್ಲಿ. ತಾಮ್ರದ ಅಥವಾ ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚಿ, ಅದರ ಮೇಲೆ ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಅದ್ದುತ್ತಾರೆ. ಗೆರೆ ಇದ್ದಲ್ಲೆಲ್ಲ ಆಮ್ಲ ತಗಡನ್ನು ಕೊರೆಯುತ್ತದೆ. ಆ ಕೊರೆದ ಜಾಗದಲ್ಲಿ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತಿದರೆ ಚಿತ್ರ ಮೂಡುತ್ತದೆ. ಕೆಳಗೆ ಪೆನ್ಸಿಲ್ಲಿನಲ್ಲಿ 7/25 ಎಂದು ಬರೆದಿದ್ದರೆ ಇಪ್ಪತ್ತೈದು ಪ್ರತಿಗಳಲ್ಲಿ ಇದು ಏಳನೆಯದು. ಒಂದೇ ತಗಡಿನಿಂದ ಹಲವು ಪ್ರತಿ ಬರುವುದರಿಂದ ಬೆಲೆ ಪೇಂಟಿಂಗ್‌ಗಿಂತ ಕಡಿಮೆ. ವೈಕುಂಠಂ ಅವರ ಕ್ಯಾನ್ವಾಸು ಲಕ್ಷಗಳ ಮಾತು. ಆದರೆ ವಿದ್ಯಾರ್ಥಿಯೊಬ್ಬಳ ಒಳ್ಳೆಯ ಎಚಿಂಗ್ ಕೆಲವು ಸಾವಿರಕ್ಕೆ ಸಿಗುತ್ತದೆ. ನಾವು ಎರಡು ಸಲ ಕುಟುಂಬ ಸಮೇತ ಮಾಲ್‌ಗೆ ಹೋಗಿ ಬಂದಷ್ಟು.

ಹಳ್ಳಿಯ ಚಿತ್ರಗಳ ಬಗ್ಗೆ ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ವೈಕುಂಠಂ ಗೆದ್ದ ಮೇಲೆ ಅವರ ಹೆಂಗಸರ ತಂಗಿಯರು, ನಾದಿನಿಯರು ಊರೆಲ್ಲ ತುಂಬಿಕೊಂಡಿದ್ದಾರೆ. ಹೋಟೆಲಿನ ಲಾಬಿ, ದಿಂಬಿನ ಕವರು, ಕ್ಯಾಲೆಂಡರು. ಗುಂಪು ಪ್ರದರ್ಶನಗಳಲ್ಲೂ ಅದೇ ಕುಂಕುಮ, ಅದೇ ಗಿಳಿ. ಹಿರಿಯರಿಗೆ ಅದು ಬಾಲ್ಯದ ನೆನಪಾಗಿತ್ತು, ಕಿರಿಯರ ಕೈಯಲ್ಲಿ ಅದು ನಮೂನೆಯಾಗಿದೆ. ಹಳ್ಳಿ ಹೆಂಗಸು ಯಾವಾಗಲೂ ಹಬ್ಬಕ್ಕೆ ಸಿಂಗರಿಸಿಕೊಂಡೇ ಇರುತ್ತಾಳೆ, ಹೊಲಕ್ಕೆ ಹೋಗುವುದೇ ಇಲ್ಲ. ಇದಕ್ಕೆ ಹೊರತಾದವರಿಲ್ಲ ಎಂದಲ್ಲ. ನಲ್ಗೊಂಡ ಕಡೆಯ ನೇಕಾರರ ಮನೆಯಿಂದ ಬಂದ ಏಲೆ ಲಕ್ಷ್ಮಣ್ ಬರೆಯುವ ಹಳ್ಳಿಗರ ಮುಖಗಳಲ್ಲಿ ದಣಿವು ಕಾಣುತ್ತದೆ. ತೆಲಂಗಾಣ ರಾಜ್ಯದ ಲಾಂಛನ ವಿನ್ಯಾಸ ಮಾಡಿದವರು ಇವರೇ. ಹಾಗಾಗಿ ಗ್ಯಾಲರಿಗೆ ಕಾಲಿಡದವರೂ ಸರ್ಕಾರಿ ಕಾಗದಗಳ ಮೇಲೆ ಈ ಊರಿನ ಕಲಾವಿದರೊಬ್ಬರ ಕೆಲಸವನ್ನು ನೋಡುತ್ತಲೇ ಇರುತ್ತಾರೆ. ಹಳ್ಳಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದವರೂ ಇದ್ದಾರೆ. ಹೈದರಾಬಾದಿನ ವರುಣಿಕಾ ಸರಾಫ್ ಬಟ್ಟೆಯ ಮೇಲೆ ಕಸೂತಿ ಹಾಕಿ ಸ್ವತಂತ್ರ ಭಾರತದ ಪ್ರತಿಭಟನೆ, ಹಿಂಸೆಗಳ ಚರಿತ್ರೆಯನ್ನು ಬರೆದಿದ್ದಾರೆ. ಆ ಸರಣಿಗೆ ಅವರಿಟ್ಟ ಹೆಸರು ಸಂವಿಧಾನದ ಪೀಠಿಕೆಯ ಮೊದಲ ಮಾತು, ‘ವಿ, ದ ಪೀಪಲ್’. ಆದರೆ ಅವರ ಕೆಲಸ ನೋಡಬೇಕೆಂದರೆ ಮುಂಬೈಯ ಗ್ಯಾಲರಿಯ ದಾರಿ ಹಿಡಿಯಬೇಕಾಗುವುದೇ ಹೆಚ್ಚು.

ಕನ್ನಡಿಗರಿಗೆ ಇದರಲ್ಲೇನಿದೆ ಎನ್ನುವವರಿಗೆ ಒಂದು ಮಾತು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ರಾಜಧಾನಿ ಇದೇ ಊರು. ಬೀದರ ಇಲ್ಲಿಂದ ಸುಮಾರು 140 ಕಿಲೋಮೀಟರು, ಬೆಂಗಳೂರಿನಿಂದ ಅದರ ನಾಲ್ಕೈದು ಪಟ್ಟು. ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ತೊಗರಿ ಹೊಲ ಆಚೆ ಬೇರೆ, ಈಚೆ ಬೇರೆ ಆಗುವುದಿಲ್ಲ. ಲಕ್ಷ್ಮಾ ಗೌಡರ ಮೇಕೆ, ಕರಿಕಲ್ಲಿನ ಗೋಡೆ, ಬೇವಿನ ಮರ ಇವೆಲ್ಲ ಬೀದರ ಜಿಲ್ಲೆಯವನಾದ ನನಗೆ ಹೊರಗಿನವು ಎನಿಸಿದ್ದೇ ಇಲ್ಲ. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ರೆಬೆಕಾಳನ್ನು ಹುಡುಕಿಕೊಂಡು ಓಡುವ ನೆಂಟರು ದಾಟಿ ಹೋಗುವ ಬಿದರಿ ಹೂಜಿ, ಹುಕ್ಕಾಗಳನ್ನೇ ನೋಡಿ. ಸತು, ತಾಮ್ರ ಕರಗಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಕೆಲಸ. ಮಣ್ಣು ನಮ್ಮದು, ಗಾಜಿನ ಪೆಟ್ಟಿಗೆ ಇಲ್ಲಿಯದು.

ಚಿತ್ರಕಾರರೂ ಹಾಗೆಯೇ ಓಡಾಡಿದ್ದಾರೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮದ್ರಾಸಿಗೆ ಹೋಗಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಯ ಗೋಡೆ ಮುಟ್ಟಿದರು. ಕನ್ಯಾಕುಮಾರಿಯ ವಿವೇಕಾನಂದರ ಚಿತ್ರವೂ ಅವರದೇ. ಕರೀಂನಗರದ ಪಿ.ಟಿ. ರೆಡ್ಡಿ ಮುಂಬೈಯಲ್ಲಿ ಓದಿ ಹೈದರಾಬಾದಿಗೆ ವಾಪಸಾದರು. ಒಂದೇ ನಿಜಾಮ ಸಂಸ್ಥಾನದ ಇಬ್ಬರು ಮಕ್ಕಳು. ಇವತ್ತು ಒಬ್ಬರನ್ನು ಕರ್ನಾಟಕದ ಕಲಾವಿದ ಎನ್ನುತ್ತೇವೆ, ಇನ್ನೊಬ್ಬರನ್ನು ತೆಲಂಗಾಣದವರು ಎನ್ನುತ್ತೇವೆ. ಸ್ಥಳೀಯ ಕಲಾವಿದ ಎಂಬ ಪದ ಈ ಸೀಮೆಯಲ್ಲಿ ಅಷ್ಟು ಸರಳವಲ್ಲ.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುವುದು ಆ ಖಾಲಿ ಮಧ್ಯಾಹ್ನಗಳಲ್ಲಿ. ಗೋಡೆಯ ಮೇಲಿರುವ ಹಳ್ಳಿಯವರು ಗೋಡೆಯ ಮುಂದೆ ಯಾಕಿಲ್ಲ? ಈ ಸೀಮೆಯಲ್ಲಿ ಚಿತ್ರವೇ ನೋಡುಗರ ಬಳಿಗೆ ಹೋಗುತ್ತಿದ್ದ ಕಾಲವಿತ್ತು. ಚೇರಿಯಾಲದ ಸುರುಳಿ ಚಿತ್ರಗಳು ಅದಕ್ಕೇ ಹುಟ್ಟಿದವು. ಖಾದಿ ಬಟ್ಟೆಗೆ ಹುಣಸೆ ಬೀಜದ ಅಂಟು, ಸುಣ್ಣದ ಪುಡಿ ಬಳಿದು, ಕೆಂಪು ಹಿನ್ನೆಲೆಯ ಮೇಲೆ ಕತೆಯನ್ನು ಅಂಕಣ ಅಂಕಣವಾಗಿ ನಕಾಶಿಯವರು ಬರೆಯುತ್ತಿದ್ದರು. ಕತೆಗಾರರು ಅದನ್ನು ಹೆಗಲಿಗೇರಿಸಿಕೊಂಡು ಊರೂರು ಸುತ್ತಿ, ರಾತ್ರಿ ಬಿಚ್ಚಿ, ಹಾಡುತ್ತ ತೋರಿಸುತ್ತಿದ್ದರು. ಪದ್ಮಸಾಲಿ ನೇಕಾರರಿಗೆ ಮಾರ್ಕಂಡೇಯ ಪುರಾಣ, ಗೊಲ್ಲರಿಗೆ ಕಾಟಮರಾಜನ ಕತೆ, ಮಾದಿಗರಿಗೆ ಜಾಂಬ ಪುರಾಣ. ಪ್ರತಿ ಸಮುದಾಯಕ್ಕೂ ಅದರದೇ ಸುರುಳಿ. ನಮ್ಮ ಕಿಳ್ಳೇಕ್ಯಾತರ ತೊಗಲುಗೊಂಬೆ ನೋಡಿದವರಿಗೆ ಈ ಲೋಕ ಹೊಸದಲ್ಲ. ಈಗ ಚೇರಿಯಾಲ ಎಂದರೆ ಶಿಲ್ಪಾರಾಮದಲ್ಲಿ ಕೊಳ್ಳುವ ಮುಖವಾಡ, ಕೀಚೈನು.

ಆಧುನಿಕರಲ್ಲೂ ಒಬ್ಬರು ಇದನ್ನು ಮಾಡಿ ನೋಡಿದರು. ಎಂ.ಎಫ್. ಹುಸೇನ್. ರಾಮಮನೋಹರ ಲೋಹಿಯಾ ಅವರ ಸಲಹೆಯಂತೆ, ಹೈದರಾಬಾದಿನ ಬದರಿವಿಶಾಲ ಪಿತ್ತಿಯವರ ಆಸರೆಯಲ್ಲಿ ಹುಸೇನರು ರಾಮಾಯಣದ ಚಿತ್ರಮಾಲೆ ಬರೆದರು. ಆ ಚಿತ್ರಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೈದರಾಬಾದಿನ ಸುತ್ತಲಿನ ಹಳ್ಳಿಗಳಿಗೆ ಒಯ್ದು ತೋರಿಸಿದ್ದನ್ನು ಅವರೇ ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ. ಪೇಟೆಯವರಾದರೆ ಕಣ್ಣೆಲ್ಲಿ, ಇದು ರಾಮ ಹೇಗೆ ಎಂದೆಲ್ಲ ಕೇಳುತ್ತಿದ್ದರು, ಹಳ್ಳಿಯವರು ಏನೂ ಕೇಳಲಿಲ್ಲ ಎಂಬುದು ಅವರ ಸಂತೋಷ. ನಗರದ ಗೋಡೆಗಳ ಮೇಲೂ ಅಂಥ ಯತ್ನ ಆಗಿದೆ. 2016ರಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್‌ನವರು ಖೈರತಾಬಾದ್ ಪಕ್ಕದ ಎಂ.ಎಸ್. ಮಕ್ತಾ ಬಡಾವಣೆಯ ಮನೆಗಳ ಮೇಲೆ ಕಲಾವಿದರಿಂದ ದೊಡ್ಡ ದೊಡ್ಡ ಭಿತ್ತಿಚಿತ್ರ ಬರೆಸಿದರು. ಅಲ್ಲಿ ನೀರಿನ ಡ್ರಮ್ಮು, ಒಣಗಿ ಹಾಕಿದ ಬಟ್ಟೆ, ಚಿತ್ರ ಎಲ್ಲ ಒಂದೇ ಗೋಡೆಯಲ್ಲಿ.

ಹಳ್ಳಿಯವರು ಏನೂ ಕೇಳುವುದಿಲ್ಲ ಎಂಬ ಹುಸೇನರ ಮಾತನ್ನು ನಾನು ಬಹಳ ದಿನ ಹಾಗೇ ಒಪ್ಪಿಕೊಂಡಿದ್ದೆ. ಅದನ್ನು ಅಲುಗಿಸಿದವನು ಯಾದಗಿರಿ ಕಡೆಯ ಒಬ್ಬ ಹುಡುಗ. ಬಂಜಾರಾ ಹಿಲ್ಸ್ ಕಡೆಯ ಒಂದು ಪುಟ್ಟ ಜಾಗದಲ್ಲಿ ಐದು ಜನ ಸೇರಿ ಹಾಕಿದ್ದ ಪ್ರದರ್ಶನದಲ್ಲಿ ಅವನ ಎಂಟು ಮರದಚ್ಚುಗಳಿದ್ದವು. ಕಲಬುರಗಿಯಲ್ಲಿ ಕಲೆ ಓದಿ ಬಂದವನು, ಇಲ್ಲಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಾನೆ. ಚಿತ್ರಗಳಲ್ಲಿ ಇದ್ದವರು ಗೌಂಡಿಗಳು, ಕೂಲಿ ಹೆಂಗಸರು, ಬೆಳಗಿನ ಅಡ್ಡಾದಲ್ಲಿ ಬುತ್ತಿ ಹಿಡಿದು ನಿಂತ ಜೋಡಿಗಳು. ಒತ್ತಿದ್ದು ಸಿಮೆಂಟ್ ಚೀಲದ ಕಂದು ಕಾಗದದ ಮೇಲೆ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳ ನಡುವೆ ಬೆಳೆದವರಿಗೆ ಆ ಕಾಗದ ಹೊಸತೇನಲ್ಲ. ಶಾಲೆಯ ಪುಸ್ತಕಕ್ಕೆ ಅದನ್ನೇ ಹೊದಿಸುತ್ತಿದ್ದೆವು.

ಸಂದರ್ಶಕರ ಪುಸ್ತಕದಲ್ಲಿ ನಾನು ಕನ್ನಡದಲ್ಲಿ ಬರೆದದ್ದನ್ನು ನೋಡಿ ಎದ್ದು ಬಂದ.

‘ಅಣ್ಣಾ, ನೀವು ನಮ್ಮ ಕಡೀದವರೇನ್ರಿ?’

‘ಹುಮನಾಬಾದ ಹತ್ರ, ತಮ್ಮಾ. ಮಂದಿ ಬರ್ಲಿಕತ್ತಾರೇನು?’

‘ಮೊದಲ್ನೇ ದಿನ ಬಂದಿದ್ರು. ಆಮ್ಯಾಲ ನೀವೇ ನೋಡ್ರಿ.’ ಖಾಲಿ ಕೋಣೆ ತೋರಿಸಿದ. ‘ಆದ್ರ ಅಣ್ಣಾ, ಇದಕ್ಕಿಂತ ಮೊದಲೊಮ್ಮೆ ಅಡ್ಡಾದಾಗ ಹಾಕಿದ್ದೆ. ಅಲ್ಲಿ ಮಂದಿಗೇನು ಕಮ್ಮಿ ಇರ್ಲಿಲ್ಲ.’

ಕೊಂಡಾಪುರದ ಕಡೆಯ ಒಂದು ಕೂಲಿ ಅಡ್ಡಾ. ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ, ಒಂದು ಕಾಂಪೌಂಡ್ ಗೋಡೆಯುದ್ದಕ್ಕೂ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪಿನಿಂದ ಅಚ್ಚುಗಳನ್ನು ತೂಗುಹಾಕಿದನಂತೆ. ಪಾಲಮೂರು, ನಾರಾಯಣಪೇಟೆ, ಮಕ್ತಲ್, ಯಾದಗಿರಿಯ ಜನ. ತೆಲುಗು, ಕನ್ನಡ, ಉರ್ದು ಕಲಸಿದ ಮಾತು. ಮೊದಲು ಯಾರೂ ಹತ್ತಿರ ಬರಲಿಲ್ಲ, ಯಾವುದೋ ಪಕ್ಷದ ಪೋಸ್ಟರ್ ಎಂದುಕೊಂಡರು. ಆಮೇಲೆ ಒಬ್ಬ ಬಂದ, ಹತ್ತು ಜನ ಬಂದರು. ನಗು, ಬೈಗುಳ, ಇವ ನಮ್ಮ ಮೇಸ್ತ್ರಿ ಕಂಡಂಗೇ ಕಾಣ್ತಾನ ಎಂಬ ತಮಾಷೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸಿನ ಚಿತ್ರದ ಮುಂದೆ ಒಬ್ಬ ವಯಸ್ಸಾದಾಕೆ ಬಹಳ ಹೊತ್ತು ನಿಂತಳಂತೆ. ಎಲ್ಲರೂ ಅದು ಚೆನ್ನಾಗಿದೆ ಎಂದಿದ್ದ ಚಿತ್ರ. ಅವನ ಮೇಷ್ಟ್ರೂ ಹೊಗಳಿದ್ದರು.

‘ಸಿಂಬಿ ಎಲ್ಲದಪಾ?’ ಅಂದಳಂತೆ. ‘ಸಿಂಬಿ ಇಲ್ದ ಬುಟ್ಟಿ ಯಾರ್ ಹೊರ್ತಾರ? ನಿಮ್ಮವ್ವ ಹೊತ್ತಿದ್ಲೇನು ಹಂಗ?’

ಅವನವ್ವ ಹೊತ್ತಿದ್ದವಳೇ. ಅದನ್ನು ಹೇಳುವಾಗ ಹುಡುಗ ನಕ್ಕ, ಆದರೆ ಪೂರ್ತಿ ನಗಲಿಲ್ಲ.

ಕಣ್ಣೆಲ್ಲಿ ಎಂದು ಪೇಟೆಯವರು ಕೇಳುವುದಕ್ಕೂ ಸಿಂಬಿ ಎಲ್ಲಿ ಎಂದು ಆಕೆ ಕೇಳಿದ್ದಕ್ಕೂ ವ್ಯತ್ಯಾಸವಿದೆ. ಆಕೆ ಕೇಳಿದ್ದು ತನ್ನ ಕುತ್ತಿಗೆಯ ಬಗ್ಗೆ. ಗ್ಯಾಲರಿಯಲ್ಲಿ ಆ ಚಿತ್ರ ನೋಡಿದ ನಮ್ಮಲ್ಲೊಬ್ಬರಿಗೂ ಆ ಕೊರತೆ ಕಾಣುವ ಹಾಗಿರಲಿಲ್ಲ. ನಾವು ಗೆರೆಯ ಬಗ್ಗೆ, ಕಪ್ಪು ಬಿಳುಪಿನ ಹದದ ಬಗ್ಗೆ ಮಾತಾಡಿ, ಸಂಯೋಜನೆ ಅದ್ಭುತ ಎಂದು ಬರೆದು ಬರುತ್ತಿದ್ದೆವು. ಸ್ಥಳೀಯ ಕಲೆಗೆ ಸ್ಥಳೀಯ ನೋಡುಗರು ಬೇಕೆನ್ನುವುದು ಮಾರಾಟಕ್ಕಾಗಿ ಮಾತ್ರವಲ್ಲ. ಬುಟ್ಟಿ ಹೊತ್ತವರು ನೋಡದೆ ಹೋದರೆ ಬುಟ್ಟಿಯ ಚಿತ್ರ ಸುಳ್ಳಾಗಿಯೇ ಉಳಿದು, ಸುಳ್ಳಾಗಿಯೇ ಮಾರಾಟವಾಗಿ, ಯಾರದೋ ಹಜಾರ ಸೇರುತ್ತದೆ.

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ನಾಟಕ, ಸಂಗೀತ, ಉಪನ್ಯಾಸಕ್ಕೆ ನಾವು ಕನ್ನಡಿಗರು ಸೇರುತ್ತೇವೆ. ಚಿತ್ರ ನೋಡಲೆಂದು ನಾಲ್ಕು ಮನೆಯವರು ಒಟ್ಟಿಗೆ ಹೊರಟದ್ದನ್ನು ನಾನು ಕಂಡಿಲ್ಲ. ಆ ಪ್ರದರ್ಶನದ ಕೊನೆಯ ದಿನ ಮೂರು ಸಂಸಾರಗಳನ್ನು ಹೊರಡಿಸಿಕೊಂಡು ಹೋದೆ. ಮಕ್ಕಳಿಗೆ ಹುಡುಗ ಆಲೂಗಡ್ಡೆ ಕತ್ತರಿಸಿ ಅಚ್ಚು ಒತ್ತುವುದನ್ನು ಹೇಳಿಕೊಟ್ಟ. ಹಿರಿಯರಲ್ಲಿ ಒಬ್ಬರು ಇದರ ಬೆಲೆ ಹೇಗೆ ಕಟ್ಟುತ್ತಾರೆ ಎಂದು ಕೇಳಿ ಅರ್ಧ ಗಂಟೆ ವಾದ ಮಾಡಿದರು, ಏನೂ ಕೊಳ್ಳಲಿಲ್ಲ. ಇನ್ನೊಬ್ಬರು ವಾದವನ್ನೇ ಮಾಡದೆ ಅಡ್ಡಾದ ಜೋಡಿಯ ಚಿತ್ರ ಕೊಂಡರು. ಐವರ ಆ ಪ್ರದರ್ಶನದಲ್ಲಿ ಒಟ್ಟು ನಾಲ್ಕು ಕೆಂಪು ಚುಕ್ಕಿ. ಬಾಡಿಗೆ, ಚೌಕಟ್ಟು ಕಳೆದರೆ ಕೈಗೇನೂ ಉಳಿದಿರಲಾರದು.

ನನಗೆ ಬೇಕಾಗಿದ್ದು ಬುಟ್ಟಿಯ ಹೆಂಗಸು. ಅದನ್ನು ಮಾರುವುದಿಲ್ಲ ಎಂದ. ಮರದಚ್ಚಿನಲ್ಲಿ ಒಮ್ಮೆ ಕೆತ್ತಿ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ತಲೆಗೂ ಬುಟ್ಟಿಗೂ ನಡುವೆ ಬಿಳಿ ಬಿಟ್ಟ ಜಾಗದಲ್ಲಿ ಈಗ ಸಿಂಬಿ ಬರಬೇಕೆಂದರೆ ಹೊಸ ಹಲಗೆಯಲ್ಲಿ ಇಡೀ ಚಿತ್ರ ಮತ್ತೆ ಕೆತ್ತಬೇಕು. ಶಾಲೆಯ ಪರೀಕ್ಷೆ ಮುಗಿದ ಮೇಲೆ ಕೆತ್ತಲು ಕೂರುತ್ತೇನೆ ಎಂದಿದ್ದಾನೆ. ಸಿಂಬಿಯನ್ನು ಹಳೆ ಸೀರೆಯದ್ದು ಮಾಡುವುದೋ, ಟವೆಲ್ಲಿನದೋ ಎಂದು ಅವ್ವನಿಗೆ ಫೋನ್ ಮಾಡಿ ಕೇಳಿದನಂತೆ. ಅವ್ವ ಹೇಳಿದ್ದು, ಅದು ಏನು ಹೊರುತ್ತೀ ಅನ್ನೋದರ ಮೇಲೆ, ಉಸುಕೋ ಇಟ್ಟಿಗೆಯೋ.